ಮತ್ತೆ ಒಂದರಿಂದ

ಬೆಳಿಗ್ಗೆ ಏಳಕ್ಕೆ ಕೋಥ್ರೂಡಿನಲ್ಲಿ ಕಂಪನಿ ಬಸ್ಸು ಹತ್ತಿದರೆ ಚಾಕಣ್ ಮುಟ್ಟುವಷ್ಟರಲ್ಲಿ ಎಂಟೂವರೆ. ಪುಣೆಗೆ ಬಂದು 19 ವರ್ಷವಾದ ನನಗೆ ಊರಿಗೆ ಫೋನು ಮಾಡಲು ಸಿಗುವ ಪುರುಸೊತ್ತು ಈ ಒಂದೂವರೆ ಗಂಟೆ. ಆ ಹೊತ್ತಿಗೆ ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ ತೋಟಕ್ಕೆ ಒಂದು ಸುತ್ತು ಹಾಕಿ ಬಂದು, ಜಗಲಿ ಮೇಲೆ ಕಾಫಿ ಲೋಟ ಹಿಡಿದು ಕೂತಿರುತ್ತಾರೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದ ಮೇಷ್ಟರು ಅವರು. ಹೋದ ವರ್ಷ ಜುಲೈ ತಿಂಗಳ ಒಂದು ಬೆಳಿಗ್ಗೆ ಕೇಳಿದರು:

“ಅಲ್ಲಿ ಮಳೆ ಹೆಂಗಪ್ಪಾ?”

“ಜೋರಾಗಿದೆ ಅಪ್ಪ. ರಾತ್ರಿಯಿಂದ ಬಿಟ್ಟೇ ಇಲ್ಲ.”

ಎರಡು ನಿಮಿಷ ಕೊಬ್ಬರಿ ರೇಟಿನ ಮಾತು. ಮತ್ತೆ, “ಅಲ್ಲಿ ಮಳೆ ಹೆಂಗಿದೆ?” ಹೇಳಿದೆ. ಅಣ್ಣನ ಮಗಳ ಪರೀಕ್ಷೆಯ ವಿಷಯ ಬಂತು, ಹೋಯಿತು. “ಮಳೆ ಬಂತೇನಪ್ಪಾ ಅಲ್ಲಿ?” ಐದನೇ ಸಲ ಕೇಳಿದಾಗ ಬಸ್ಸು ಭೋಸರಿಯ ಟ್ರಾಫಿಕ್ಕಿನಲ್ಲಿ ನಿಂತಿತ್ತು. ಗಿರಾಕಿ ಕಂಪನಿಯವರು ವಾಪಸು ಕಳಿಸಿದ್ದ ಮಾಲಿನ ಬಗ್ಗೆ ಒಂದರ ಹಿಂದೊಂದು ಮೇಲ್ ಬರುತ್ತಿತ್ತು. “ಎಷ್ಟು ಸಲ ಹೇಳ್ಬೇಕಪ್ಪಾ? ಈಗ ತಾನೆ ಹೇಳಿದ್ನಲ್ಲ!” ಎಂದು ಕೂಗಿಬಿಟ್ಟೆ. ಬಸ್ಸಿನಲ್ಲಿ ನಾಲ್ಕು ಜನ ತಿರುಗಿ ನೋಡಿದರು. ಕನ್ನಡ ಬಾರದವರಿಗೂ ಆ ದನಿ ಅರ್ಥವಾಗುತ್ತದೆ. ಅಪ್ಪ ಏನೂ ಅನ್ನಲಿಲ್ಲ. “ಹ್ಞೂಂ, ಸರಿ” ಎಂದು ಫೋನನ್ನು ಅತ್ತಿಗೆಯ ಕೈಗೆ ಕೊಟ್ಟರು.

ಅದೇ ದಿನ ಬೆಳಿಗ್ಗೆ ಐದೂವರೆಗೆ ಎದ್ದು ನಾನು ಐದು ನಿಮಿಷ ಶೀರ್ಷಾಸನ ಮಾಡಿದ್ದೆ.

ಆಗಲೇ ಆರು ವರ್ಷದಿಂದ ಯೋಗ ಮಾಡುತ್ತಿದ್ದೆ. ಶುರುವಾದದ್ದು ಬೆನ್ನು ನೋವಿಗೆ. ನೋವು ಕಡಿಮೆಯಾದ ಮೇಲೆ ಹುಮ್ಮಸ್ಸು ಬಂತು, ಹುಮ್ಮಸ್ಸಿನ ಹಿಂದೆ ಸ್ವಲ್ಪ ಜಂಬವೂ ಬಂತು. 2015ರಿಂದ ಪ್ರತಿ ಜೂನ್ 21ಕ್ಕೆ ಯೋಗ ದಿನ ಬರುತ್ತದಲ್ಲ, ಆವತ್ತು ನಮ್ಮ ಫ್ಯಾಕ್ಟರಿಯ ಹುಲ್ಲಿನ ಮೇಲೆ ಎಲ್ಲರೂ ಬಿಳಿ ಟೀ ಶರ್ಟು ಹಾಕಿ ನಿಲ್ಲುತ್ತಾರೆ. ಮುಂದೆ ನಿಂತು ಮಾಡಿ ತೋರಿಸುವವನು ನಾನೇ. ನಮ್ಮ ಕಡೆ ಸ್ಮಶಾನ ವೈರಾಗ್ಯ, ಪ್ರಸೂತಿ ವೈರಾಗ್ಯ ಎಂದು ಎರಡು ಹೇಳುತ್ತಾರೆ. ಮೂರನೆಯದಾಗಿ ಯೋಗ ದಿನದ ವೈರಾಗ್ಯವನ್ನೂ ಸೇರಿಸಬಹುದು. ಬೆಳಿಗ್ಗೆ ಏಳಕ್ಕೆ ಹುಟ್ಟಿ ಒಂಬತ್ತರ ಸಮೋಸದ ಜೊತೆ ಮುಗಿಯುವಂಥದ್ದು.

ನಮಗೆ ಕಲಿಸುವವರು ಎಪ್ಪತ್ತರ ಹತ್ತಿರದ ಒಬ್ಬ ಮರಾಠಿ ಹೆಂಗಸು. ಎಲ್ಲರೂ ಅವರನ್ನು ಕಾಕು ಎನ್ನುತ್ತೇವೆ. ಮಾರನೇ ದಿನ ಕ್ಲಾಸು ಮುಗಿದ ಮೇಲೆ, ನನ್ನ ಹರಕು ಮರಾಠಿಯಲ್ಲಿ, ಹೀಗಾಯಿತು ಎಂದು ಹೇಳಿಕೊಂಡೆ. ಸಮಾಧಾನ ಹೇಳಬಹುದು ಎಂಬ ಆಸೆ ಇತ್ತು. ಅವರು ಕೇಳಿದ್ದು ಒಂದೇ: “ನಿನ್ನೆ ಶೀರ್ಷಾಸನದಲ್ಲಿದ್ದಾಗ ಮನಸ್ಸು ಎಲ್ಲಿತ್ತು?” ನಿಜ ಹೇಳಬೇಕೆಂದರೆ ರಿಜೆಕ್ಟಾದ ಮಾಲಿನ ಲೆಕ್ಕದಲ್ಲಿತ್ತು. ತಲೆ ಕೆಳಗಾಗಿದ್ದರೂ ಒಳಗಿನದೇನೂ ಅಲುಗಿರಲಿಲ್ಲ.

ಅವರು ಕೊಟ್ಟ ಪಾಠ ಎಷ್ಟು ಸಣ್ಣದೆಂದರೆ ನನಗೆ ಅವಮಾನವೇ ಆಯಿತು. ಕಂಬಳಿ ಮಡಿಸಿ ಅದರ ಮೇಲೆ ಬೆನ್ನು ನೇರ ಮಾಡಿ ಕೂರುವುದು. ಉಸಿರು ಹೊರಗೆ ಹೋದಾಗಲೆಲ್ಲ ಒಂದು, ಎರಡು ಎಂದು ಹತ್ತರವರೆಗೆ ಎಣಿಸುವುದು. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ. ಕಾಲು ಗಂಟೆ, ಅಷ್ಟೇ. ಕ್ವಾಲಿಟಿ ವಿಭಾಗದಲ್ಲಿ ದಿನವಿಡೀ ಮೈಕ್ರಾನ್ ಲೆಕ್ಕ ಹಾಕುವವನಿಗೆ ಹತ್ತರವರೆಗೆ ಎಣಿಸಲು ಬರುವುದಿಲ್ಲವೇ?

ಬರಲಿಲ್ಲ. ಮೊದಲ ದಿನ ನಾಲ್ಕು ದಾಟಲಿಲ್ಲ. ಮೂರರ ಹತ್ತಿರ ಫ್ಲಾಟಿನ ಕಂತು, ಇನ್ನೊಂದು ಸಲ ಎರಡರಲ್ಲೇ ಮಗನ ಟ್ಯೂಷನ್. ಒಮ್ಮೆ ಎಚ್ಚರಾಗಿ ನೋಡಿದರೆ ಹದಿನೇಳರಲ್ಲಿದ್ದೆ. ಬಾಯಿ ಎಣಿಸುತ್ತಿತ್ತು, ಮನಸ್ಸು ಯಾವಾಗಲೋ ಎದ್ದು ಹೋಗಿತ್ತು. ಥೂ ಎಂದು ಬೈದುಕೊಂಡೆ. ಕಾಕುವಿಗೆ ಅದು ಮುಖದಲ್ಲೇ ಕಂಡಿರಬೇಕು. “ಬೈಯಬೇಡ. ಬೈದರೆ ಅದೂ ಒಂದು ಕೆಲಸವಾಯಿತು. ಪರತ್ ಏಕ್” ಎಂದರು. ಪುಣೆ, ಮುಂಬೈಯಲ್ಲಿರುವ ನಿಮಗೆ ಈ ಪದ ಗೊತ್ತೇ ಇರುತ್ತದೆ. ಮರಾಠಿಯಲ್ಲಿ ಪರತ್ ಅಂದರೆ ಮತ್ತೊಮ್ಮೆ ಎಂದೂ ಆಗುತ್ತದೆ, ವಾಪಸು ಎಂದೂ ಆಗುತ್ತದೆ. ಅಂಗಡಿಯಲ್ಲಿ ಚಿಲ್ಲರೆ ವಾಪಸು ಕೇಳುವುದಕ್ಕೂ ಅದೇ ಪದ. ಹತ್ತೊಂಬತ್ತು ವರ್ಷದಿಂದ ಬಳಸುತ್ತಿದ್ದರೂ ಅವೆರಡೂ ಒಂದೇ ಎಂದು ನನಗೆ ಹೊಳೆದಿರಲಿಲ್ಲ.

ಆಮೇಲೆ ಪುಸ್ತಕ ಹಿಡಿದೆ. ಪತಂಜಲಿಯ ಯೋಗಸೂತ್ರ ಎಂದರೆ ಭಾರಿ ಗ್ರಂಥ ಎಂದುಕೊಂಡಿದ್ದೆ. ನಾಲ್ಕು ಪಾದಗಳಲ್ಲಿ ಒಟ್ಟು 195 ಸೂತ್ರ, ಕೆಲವು ಪಾಠಗಳಲ್ಲಿ 196. ಅದರಲ್ಲಿ ಆಸನದ ಬಗ್ಗೆ ಇರುವವು ಮೂರೇ ಮೂರು! ಆರು ವರ್ಷ ನಾನು ಬೆವರು ಸುರಿಸಿದ್ದು ಆ ಮೂರರಲ್ಲಿ. ಉಳಿದದ್ದು ಹೆಚ್ಚುಕಡಿಮೆ ಮನಸ್ಸಿನ ವಿಷಯ.

ಅಲ್ಲಿ ಯೋಗವೆಂದರೆ ಚಿತ್ತದ ವೃತ್ತಿಗಳನ್ನು ನಿಲುಗಡೆಗೆ ತರುವುದು. ವೃತ್ತಿ ಎಂದರೆ ನಮಗೆ ನೌಕರಿ. ವೃತ್ತಿಗಾಗಿಯೇ ಊರು ಬಿಟ್ಟವರು ನಾವು. ಆ ಪುಸ್ತಕದಲ್ಲಿ ವೃತ್ತಿ ಎಂದರೆ ಮನಸ್ಸು ತಾಳುವ ರೂಪ, ಕೆರೆಯಲ್ಲಿ ಏಳುವ ಸುಳಿಯ ಹಾಗೆ. ಐದು ಬಗೆ ಹೇಳಿದ್ದಾರೆ: ಪ್ರಮಾಣ, ವಿಪರ್ಯಯ, ವಿಕಲ್ಪ, ನಿದ್ರೆ, ಸ್ಮೃತಿ. ಒಣ ಪಟ್ಟಿಯ ಹಾಗೆ ಕಾಣುತ್ತದೆ. ಒಂದು ಭಾನುವಾರ ಕೂತು ಭೋಸರಿಯ ಆ ಎರಡು ನಿಮಿಷವನ್ನು ಇದಕ್ಕೆ ಹೊಂದಿಸಿ ನೋಡಿದೆ. ಅಪ್ಪ ಅದೇ ಪ್ರಶ್ನೆಯನ್ನು ಐದನೇ ಸಲ ಕೇಳಿದರು. ಇದು ಕಿವಿಯಾರೆ ಕೇಳಿದ್ದು, ಪ್ರಮಾಣ. ‘ನನ್ನ ಮಾತಿನ ಮೇಲೆ ಇವರಿಗೆ ಗಮನವೇ ಇಲ್ಲ’ ಅಂದುಕೊಂಡದ್ದು ತಪ್ಪು ತಿಳಿವಳಿಕೆ, ವಿಪರ್ಯಯ. ‘ಹೀಗೇ ಆದರೆ ಕೆಲಸ ಬಿಟ್ಟು ಊರಿಗೆ ಹೋಗಬೇಕು, ಮಗನ ಶಾಲೆ ಏನು, ಫ್ಲಾಟಿನ ಸಾಲ ಏನು’ ಎಂದು ಅರ್ಧ ಕ್ಷಣದಲ್ಲಿ ಕಟ್ಟಿಕೊಂಡದ್ದು ವಿಕಲ್ಪ. ಹೊರಗೆ ಎಲ್ಲೂ ಇಲ್ಲದ, ಬರೀ ಮಾತಿನಿಂದ ಹುಟ್ಟಿದ ಲೋಕ. ಹಿಂದಿನ ರಾತ್ರಿ ನಿದ್ದೆ ನೆಟ್ಟಗಿರಲಿಲ್ಲ. ಇನ್ನು ಸ್ಮೃತಿ? ಏಳನೇ ಕ್ಲಾಸಿನಲ್ಲಿ ಭಿನ್ನರಾಶಿ ತಪ್ಪಿದಾಗ ಕಿವಿ ಹಿಂಡಿ ಅಪ್ಪ ನನಗೆ ಹೇಳುತ್ತಿದ್ದ ಮಾತು, “ಎಷ್ಟು ಸಲ ಹೇಳ್ಬೇಕು ನಿನಗೆ?” ಬಸ್ಸಿನಲ್ಲಿ ನನ್ನ ಬಾಯಿಂದ ಬಂದದ್ದು ಅವರದೇ ಮಾತು, ಅವರದೇ ದನಿ. ಮೂವತ್ತೈದು ವರ್ಷ ಒಳಗೆ ಮಡಿಸಿಟ್ಟದ್ದು ಹೊಸದರಂತೆ ಹೊರಗೆ ಬಂದಿತ್ತು.

ಮನಸ್ಸನ್ನು ಖಾಲಿ ಮಾಡುವುದು ಎಂದು ಕೆಲವರು ಯೋಗಕ್ಕೆ ಅರ್ಥ ಹೇಳುತ್ತಾರೆ. ನನಗೆ ಅದರಿಂದ ಲಾಭಕ್ಕಿಂತ ನಷ್ಟವೇ ಆಗಿತ್ತು. ಖಾಲಿಯಾಗಲಿಲ್ಲ ಎಂಬ ಸಿಟ್ಟೂ ಸೇರಿ ತುಂಬಿಕೊಳ್ಳುತ್ತಿತ್ತು. ಸೂತ್ರಗಳಿಗೆ ವ್ಯಾಸರ ಭಾಷ್ಯವಿದೆ. ಅದರಲ್ಲಿ ಚಿತ್ತಕ್ಕೆ ಐದು ಸ್ಥಿತಿ ಹೇಳಿದ್ದಾರೆ. ಎಲ್ಲ ಕಡೆ ಎಸೆದ ಹಾಗೆ ಚೆಲ್ಲಾಡುವ ಕ್ಷಿಪ್ತ, ಮಂಕು ಕವಿದ ಮೂಢ, ಆಗೀಗ ನಿಂತು ಮತ್ತೆ ಚದುರುವ ವಿಕ್ಷಿಪ್ತ, ಏಕಾಗ್ರ, ನಿರುದ್ಧ. ಮೂರನೆಯದು ಓದಿದಾಗ ನನ್ನ ವಿಳಾಸ ಸಿಕ್ಕಂತಾಯಿತು. ನಿಲ್ಲುತ್ತದೆ, ಚದುರುತ್ತದೆ. ಸ್ವಲ್ಪವಾದರೂ ನಿಲ್ಲುತ್ತದಲ್ಲ ಎಂಬುದೇ ಆಗ ನನಗೆ ಸಿಕ್ಕ ಬಂಡವಾಳ. ಚದುರುವುದನ್ನು ತಡೆಯಲು ಆಗುವುದಿಲ್ಲ. ಚದುರಿದ್ದು ಗೊತ್ತಾಗುವುದಕ್ಕೂ ವಾಪಸು ಬರುವುದಕ್ಕೂ ನಡುವಿನ ಹೊತ್ತನ್ನು ಕಡಿಮೆ ಮಾಡಿಕೊಳ್ಳಬಹುದು. ನನಗೆ ತಿಳಿದ ಮಟ್ಟಿಗೆ ಮನಸ್ಸಿನ ತರಬೇತಿ ಎಂದರೆ ಇದೇ.

ಇದಕ್ಕೆ ಪತಂಜಲಿ ಇಟ್ಟ ಹೆಸರು ಅಭ್ಯಾಸ. ಕನ್ನಡದಲ್ಲಿ ಆ ಪದ ಸ್ವಲ್ಪ ಸವೆದಿದೆ. ಕಾಫಿಯೂ ಅಭ್ಯಾಸ, ಉಗುರು ಕಚ್ಚುವುದೂ ಅಭ್ಯಾಸ. ಮರಾಠಿಯಲ್ಲಿ ಮಕ್ಕಳ ಹೋಂವರ್ಕ್‌ಗೆ ಅಭ್ಯಾಸ ಎನ್ನುತ್ತಾರೆ. ನಮ್ಮ ಬಿಲ್ಡಿಂಗಿನಲ್ಲಿ ಸಂಜೆಯಾದರೆ ಎಲ್ಲ ತಾಯಂದಿರದೂ ಅದೇ ವಿಚಾರಣೆ. ಸೂತ್ರದ ಅರ್ಥಕ್ಕೆ ಅದು ಹತ್ತಿರ. ಒಂದು ಕಡೆ ನಿಲ್ಲಲು ಮಾಡುವ ಪ್ರಯತ್ನವೇ ಅಭ್ಯಾಸ. ಬಹುಕಾಲ, ಬಿಡದೆ, ಆದರದಿಂದ ಮಾಡಿದರೆ ಗಟ್ಟಿಯಾಗುತ್ತದೆ ಎಂದಿದ್ದಾರೆ. ಬಹುಕಾಲ ಮತ್ತು ಬಿಡದೆ ಎನ್ನುವುದು ನಮ್ಮಂಥ ನೌಕರಿಯವರಿಗೆ ಗೊತ್ತು. ಇಪ್ಪತ್ತು ವರ್ಷ ಪಂಚ್ ಮಾಡುತ್ತೇವೆ. ಆದರ ಎನ್ನುವುದೇ ಕಷ್ಟ. ಭಗವದ್ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನ, ಗಾಳಿಯನ್ನು ಹಿಡಿದಂತೆ ಈ ಮನಸ್ಸು ಎಂದು ಕೈಚೆಲ್ಲಿದಾಗ ಕೃಷ್ಣ ಅದನ್ನು ಅಲ್ಲಗಳೆಯುವುದಿಲ್ಲ. ಕಷ್ಟ, ನಿಜ ಎಂದು ಒಪ್ಪಿಕೊಂಡೇ ಅಭ್ಯಾಸ, ವೈರಾಗ್ಯ ಎಂಬ ಅದೇ ಎರಡು ದಾರಿ ಹೇಳುತ್ತಾನೆ. ಆ ಒಪ್ಪಿಗೆ ನನಗೆ ಇಷ್ಟ.

ಪುಣೆಯಲ್ಲಿದ್ದು ಈ ಮಾತು ಬರೆಯುವಾಗ ಒಬ್ಬರನ್ನು ನೆನೆಯದಿರಲಾಗದು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಅನುಭವಿಸಿದವರು. ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಯೋಗ ಕಲಿತದ್ದು ಅಲ್ಲಿ. 1937ರಲ್ಲಿ, ಹದಿನೆಂಟು ವರ್ಷದ ಆ ಹುಡುಗನನ್ನು ಕಲಿಸಲೆಂದು ಪುಣೆಗೆ ಕಳಿಸಿದರು. ಕೆಲವು ತಿಂಗಳ ಮಟ್ಟಿಗೆ ಎಂದು ಬಂದವರು 2014ರಲ್ಲಿ ಕಣ್ಣು ಮುಚ್ಚುವವರೆಗೂ ಇಲ್ಲಿಯೇ ಉಳಿದರು. ಮರಾಠಿ ಬಾರದು, ಕೈಯಲ್ಲಿ ಕಾಸಿಲ್ಲ, ಕಲಿಯಲು ಬಂದವರಲ್ಲಿ ಎಷ್ಟೋ ಜನ ವಯಸ್ಸಿನಲ್ಲಿ ದೊಡ್ಡವರು. ಎರಡು ವರ್ಷಕ್ಕೆಂದು ಬಂದು ಇಲ್ಲಿಯೇ ಬೇರುಬಿಟ್ಟ ನಮ್ಮಲ್ಲಿ ಎಷ್ಟು ಜನರ ಕಥೆಯಲ್ಲವೇ ಇದು? 1966ರಲ್ಲಿ ಅವರ ‘ಲೈಟ್ ಆನ್ ಯೋಗ’ ಬಂತು. ಹೆಂಡತಿ ರಮಾಮಣಿ 1973ರಲ್ಲಿ ತೀರಿಕೊಂಡರು. ಅವರ ಹೆಸರಿನ ಸಂಸ್ಥೆ ಶಿವಾಜಿನಗರದಲ್ಲಿ 1975ರಲ್ಲಿ ಬಾಗಿಲು ತೆರೆಯಿತು. ಇತ್ತ ಕೃಷ್ಣಮಾಚಾರ್ಯರೂ 1950ರ ದಶಕದಲ್ಲಿ ಮದರಾಸು ಸೇರಿ ಅಲ್ಲಿಯೇ ಕೊನೆಯವರೆಗೆ ಕಲಿಸಿದರು. ಚೆನ್ನೈ ಓದುಗರಿಗೆ ಇದು ಗೊತ್ತಿರಲಿ ಎಂದು ಹೇಳಿದೆ.

ಅಯ್ಯಂಗಾರರ ದಾರಿಯಲ್ಲಿ ಆಸನವೂ ಮನಸ್ಸಿನ ಪಾಠವೇ. ಕಾಕು ಕಲಿತದ್ದು ಆ ಪದ್ಧತಿಯಲ್ಲಿ. ತ್ರಿಕೋನಾಸನದಲ್ಲಿ ನಾನು ಮುಂದಿನ ಕೈ ನೆಲ ಮುಟ್ಟಿತೇ ಎಂದು ನೋಡುತ್ತಿದ್ದರೆ, “ಹಿಂದಿನ ಪಾದದ ಹೊರಗಿನ ಅಂಚು ಎಲ್ಲಿ?” ಎಂದು ಕೇಳುತ್ತಾರೆ. ಅಲ್ಲಿಗೆ ಗಮನ ಕೊಟ್ಟರೆ ಮಂಡಿ ಮರೆಯುತ್ತದೆ. ಮಂಡಿ ಹಿಡಿದರೆ ಉಸಿರು ಮರೆಯುತ್ತದೆ. ಮರೆತದ್ದನ್ನೆಲ್ಲ ಒಂದೊಂದಾಗಿ ಕರೆದು ತರಬೇಕು. ಮೊದಲ ಆರು ವರ್ಷವೂ ಅವರು ಇದನ್ನೇ ಹೇಳಿದ್ದರು. ನನಗೆ ಅದು ಕೈಕಾಲು ಇಡುವ ಸೂಚನೆಯಂತೆ ಮಾತ್ರ ಕೇಳಿಸಿತ್ತು.

ಎಣಿಕೆಯ ಜೊತೆಗೆ ನನಗೆ ಕೈಹಿಡಿದದ್ದು ಉಸಿರು ಬಿಡುವುದು. ಸೂತ್ರಗಳಲ್ಲಿ ಚಿತ್ತ ಚದುರಿದಾಗಿನ ಲಕ್ಷಣಗಳನ್ನು ಹೇಳುವಾಗ ದುಃಖ, ಬೇಸರ, ಮೈ ನಡುಕದ ಜೊತೆ ಉಸಿರಾಟ ಕೆಡುವುದನ್ನೂ ಸೇರಿಸಿದ್ದಾರೆ. ತಿಳಿಯಾಗಿಸುವ ಉಪಾಯಗಳಲ್ಲಿ ಉಸಿರನ್ನು ಹೊರಗೆ ಬಿಡುವುದೂ ಒಂದು. ಇದರ ಹಿಂದಿನ ಶರೀರದ ಕೆಲಸ ಇಂದು ಚೆನ್ನಾಗಿ ಗೊತ್ತಿದೆ. ಉಸಿರು ಎಳೆದುಕೊಂಡಾಗ ಹೃದಯದ ಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಟ್ಟಾಗ ವೇಗಸ್ ನರದ ಹಿಡಿತ ಹೆಚ್ಚಿ ಬಡಿತ ನಿಧಾನವಾಗುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನೋಡಿ, ನಿಮಗೇ ಸಿಗಬಹುದು. ಎಳೆದುಕೊಂಡದ್ದಕ್ಕಿಂತ ಉದ್ದವಾಗಿ, ಬಲವಂತವಿಲ್ಲದೆ ಬಿಟ್ಟರೆ ಆ ನಿಧಾನ ಸ್ವಲ್ಪ ಹೊತ್ತು ಉಳಿಯುತ್ತದೆ. ಉಸಿರು ಕಟ್ಟಿ ಹಿಡಿಯುವ ಕುಂಭಕಕ್ಕೆ ಮಾತ್ರ ಪುಸ್ತಕ, ವಿಡಿಯೋ ನೋಡಿ ಕೈಹಾಕಬೇಡಿ, ಬಿ.ಪಿ. ಇದ್ದವರಂತೂ ಬೇಡವೇ ಬೇಡ. ಹಾಗೆಯೇ, ವಾರಗಟ್ಟಲೆ ನಿದ್ದೆ ಬಾರದೆ, ಬದುಕೇ ಸಾಕೆನಿಸುವ ಸ್ಥಿತಿ ಇದ್ದರೆ ಕಣ್ಣು ಮುಚ್ಚಿ ಕೂರುವ ಮೊದಲು ಡಾಕ್ಟರ ಹತ್ತಿರ ಹೋಗಿ.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆಗಸ್ಟ್‌ನಲ್ಲಿ ನಮ್ಮ ಮೀಟಿಂಗಿನಲ್ಲಿ ಒಬ್ಬ ಚಿಕ್ಕ ಎಂಜಿನಿಯರ್ ಮೇಲೆ ಫೈಲು ಎತ್ತಿ ಕುಕ್ಕಿದೆ. ಆದರೆ ಕುಕ್ಕಿದ ಕೈ ಇನ್ನೂ ಮೇಜಿನ ಮೇಲಿದ್ದಾಗಲೇ ಗೊತ್ತಾಯಿತು. ಮೊದಲಾದರೆ ರಾತ್ರಿ ಊಟದ ಹೊತ್ತಿಗೆ ಗೊತ್ತಾಗುತ್ತಿತ್ತು, ಅಷ್ಟರಲ್ಲಿ ಆ ಹುಡುಗ ಮನೆ ಸೇರಿರುತ್ತಿದ್ದ. ಈ ಸಲ ಅಲ್ಲಿಯೇ ತಪ್ಪಾಯಿತು ಎಂದೆ. ದಾರಿಯ ವಿಘ್ನಗಳೆಂದು ಪತಂಜಲಿ ಒಂಬತ್ತನ್ನು ಹೇಳಿದ್ದಾರೆ. ಕಾಯಿಲೆ, ಸಂಶಯ, ಸೋಮಾರಿತನ ಎಲ್ಲ ಇವೆ. ಕೊನೆಯದು ನನಗೆ ಅಂಟಿಕೊಂಡದ್ದು, ಅನವಸ್ಥಿತತ್ವ: ತಲುಪಿದ ಜಾಗದಲ್ಲಿ ನಿಲ್ಲಲಾರದಿರುವುದು. ಪುಣೆಯಲ್ಲಿ ಆರು ಬಾಡಿಗೆ ಮನೆ ಬದಲಿಸಿದ ಮೇಲೆ ಫ್ಲಾಟು ಕೊಂಡವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಷ್ಟರಲ್ಲಿ ತುಮಕೂರಿನ ಡಾಕ್ಟರು ಅಪ್ಪನ ತಲೆಯ ಸ್ಕ್ಯಾನ್ ನೋಡಿ, ಪರೀಕ್ಷೆ ಮಾಡಿ, ಮರೆವಿನ ಕಾಯಿಲೆಯ ಮೊದಲ ಹಂತ ಎಂದಿದ್ದರು. ದೀಪಾವಳಿಗೆ ರಾತ್ರಿ ಬಸ್ಸು ಹತ್ತಿ ಚಿತ್ರದುರ್ಗದಲ್ಲಿ ಇಳಿದು, ಹುಳಿಯಾರಿನ ಮೇಲೆ ಊರು ಮುಟ್ಟಿದೆ. ಜಗಲಿಯಲ್ಲಿ ಅಪ್ಪ ಕೂರುವ ಜಾಗದ ಹಿಂದಿನ ಗೋಡೆಗೆ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಕಾಯಿ ಕೆಡವಿದ ದಿನ ಎಲ್ಲ ಅದರಲ್ಲಿಯೇ ಬರೆಯುತ್ತಾರೆ. ಹಾಲಿನ ಲೆಕ್ಕ ಚುಕ್ತಾ ಮಾಡಲು ಹಿಂದಿನ ತಿಂಗಳುಗಳನ್ನು ತಿರುವುತ್ತಿದ್ದೆ. ಜುಲೈ ಪುಟದಲ್ಲಿ, ನಾನು ಬಸ್ಸಿನಲ್ಲಿ ಕೂಗಿದ ದಿನದ ಮನೆಯೊಳಗೆ, ಮೇಷ್ಟರ ಗುಂಡು ಅಕ್ಷರದಲ್ಲಿ ಬರೆದಿತ್ತು: ‘ಪುಣೆ ಮಳೆ ಕೇಳಿ ಆಗಿದೆ’. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ. ನಾಲ್ಕನೇ ದಿನದಿಂದ ಇರಲಿಲ್ಲ. ಬರೆಯಬೇಕೆಂಬುದೂ ಮರೆತಿರಬೇಕು.

ಆ ಪುಟವನ್ನು ಹರಿದು ತಂದಿದ್ದೇನೆ ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ತರಲಿಲ್ಲ. ಹಾಲಿನ ಲೆಕ್ಕ ಮುಗಿಸಿ ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸಿದೆ.

ಮಾರನೇ ಬೆಳಿಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ ಕಣ್ಣು ಮುಚ್ಚಿ ಕೂತಿದ್ದೆ. ಹೊರಗೆ ಅಪ್ಪ ಮಗ್ಗಿ ಹೇಳಿಕೊಳ್ಳುತ್ತಿದ್ದರು. ದಿನಾ ಹೇಳಿ ಎಂದು ಅಣ್ಣ ರೂಢಿ ಮಾಡಿಸಿದ್ದಾನೆ. ಹದಿನೇಳರ ಮಗ್ಗಿ. ಹದಿನೇಳಾರಲೆ ನೂರಾ ಎರಡು ಎಂದವರು ಏಳಕ್ಕೆ ಬಂದು ನಿಂತರು. ಬಹಳ ಹೊತ್ತು ಸದ್ದಿಲ್ಲ. ನೂರಾ ಹತ್ತೊಂಬತ್ತು ಎಂದು ಎದ್ದು ಹೇಳಿಬಿಡೋಣ ಎನಿಸಿತು. ಅಷ್ಟರಲ್ಲಿ ಸ್ವಲ್ಪವೂ ಬೇಜಾರಿಲ್ಲದ ದನಿಯಲ್ಲಿ, “ಹದಿನೇಳೊಂದಲೆ ಹದಿನೇಳು” ಎಂದು ಅವರು ಮತ್ತೆ ಶುರು ಮಾಡಿದರು. ನನ್ನ ಎಣಿಕೆ ಎಲ್ಲಿಗೆ ಬಂದಿತ್ತೋ ನೆನಪಿಲ್ಲ.

ಈಗಲೂ ಬೆಳಿಗ್ಗೆ ಬಸ್ಸಿನಿಂದಲೇ ಫೋನು. ಐದನೇ ಸಲಕ್ಕೆ ಎದೆಯಲ್ಲಿ ಏನೋ ಬಿಗಿಯುತ್ತದೆ, ಅದು ಹೋಗಿಲ್ಲ. ಬಿಗಿದದ್ದು ಗೊತ್ತಾದ ಕೂಡಲೇ ಒಂದು ಉಸಿರು ಉದ್ದಕ್ಕೆ ಬಿಟ್ಟು ಕಿಟಕಿಯಿಂದ ಹೊರಗೆ ನೋಡುತ್ತೇನೆ. ನೋಡಿ ಹೇಳುವುದೇ ವಾಸಿ, ಯಾಕೆಂದರೆ ಮಳೆ ಎರಡು ನಿಮಿಷದ ಹಿಂದೆ ಇದ್ದ ಹಾಗೆ ಇರುವುದಿಲ್ಲ. ಮೊನ್ನೆ ಕೇಳಿದರು:

“ಅಲ್ಲಿ ಮಳೆ ಹೆಂಗಪ್ಪಾ?”

“ನಾಸಿಕ್ ಫಾಟಾದ ಹತ್ತಿರ ತುಂತುರು ಇತ್ತು ಅಪ್ಪ. ಈಗ ಬಿಸಿಲು ಬಿದ್ದಿದೆ.”

“ಹಂಗಾದ್ರೆ ಬಟ್ಟೆ ಒಣಗ್ತವೆ ಬಿಡು” ಎಂದರು. ಬಸ್ಸು ಮೋಶಿ ದಾಟಿತು. ಕೊಬ್ಬರಿ ರೇಟು ಎಷ್ಟಾಗಿದೆ ಎಂದು ನಾನೇ ಕೇಳಿದೆ. ಹೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿ ಮಳೆ?” ಎಂದರು.